ಮಗ್ಗುಲಾಗಿ ಮಲಗುವ ಮೀನು

ಮಕ್ಕಳೇ, ಮಲ್ಪೆಯಲ್ಲೋ ಮಂಗಳೂರಿನಲ್ಲೋ ಮೀನು ಮಾರುಕಟ್ಟೆಗೆ ಹೋದಾಗ ಬುಟ್ಟಿಗಳಲ್ಲಿ ನಂಗು ಇದೆಯಾ ಎಂದು ನೋಡಿ. ಹೆಚ್ಚೆಂದರೆ ಒಂದು ಗೇಣುದ್ದದ, ತೆಳ್ಳನೆಯ, ಬಾಲದ ಕಡೆ ಚೂಪಾಗುತ್ತ ಹೋಗುವ ಕಂದು ಮೀನು ಅದು. ಕೊಂಕಣಿಯವರು ಲೆಪೊ ಅನ್ನುತ್ತಾರೆ. ಮೀನು ಮಾರುವ ಅಕ್ಕನನ್ನು ಕೇಳಿ ಒಂದನ್ನು ಕೈಗೆ ತೆಗೆದುಕೊಳ್ಳಿ. ಕಂದು ಬದಿಯಲ್ಲಿ ಎರಡು ಪುಟಾಣಿ ಕಣ್ಣುಗಳು ಅಕ್ಕಪಕ್ಕದಲ್ಲೇ ಇವೆ. ಮಗುಚಿ ನೋಡಿದರೆ ಬಿಳಿ ಬದಿ. ಅಲ್ಲಿ ಒಂದೂ ಕಣ್ಣಿಲ್ಲ! ಬಾಯಿ ಸೊಟ್ಟಗಿದೆ, ತಲೆಯ ಅಂಚಿನಿಂದ ಕೆಳಕ್ಕೆ ಬಾಗಿದೆ.

ಕಂದು ಬದಿ ಬೆನ್ನು, ಬಿಳಿ ಬದಿ ಹೊಟ್ಟೆ ಅಂದುಕೊಂಡಿರಾ? ಹಾಗಲ್ಲ. ಸುತ್ತಲೂ ಇರುವ ರೆಕ್ಕೆಯನ್ನು ಬೆರಳಿನಿಂದ ಬಿಡಿಸಿ ನೋಡಿ. ಒಂದು ಅಂಚಿನದು ಬೆನ್ನಿನ ರೆಕ್ಕೆ, ಇನ್ನೊಂದು ಅಂಚಿನದು ಹೊಟ್ಟೆಯ ಕಡೆಯ ರೆಕ್ಕೆ, ಎರಡೂ ಬಾಲದಲ್ಲಿ ಸೇರುತ್ತವೆ. ಅಂದರೆ ನಾವು ಮೇಲ್ಭಾಗ ಎಂದುಕೊಂಡದ್ದು ಮೀನಿನ ಎಡ ಮಗ್ಗುಲು, ಕೆಳಭಾಗ ಎಂದುಕೊಂಡದ್ದು ಬಲ ಮಗ್ಗುಲು. ತೊರಕೆ ಮೀನೂ ಚಪ್ಪಟೆಯೇ, ಆದರೆ ಅದು ನಿಜವಾಗಿಯೂ ಬೆನ್ನು ಮೇಲಾಗಿ, ಹೊಟ್ಟೆ ಕೆಳಗಾಗಿ ಹರಡಿಕೊಂಡಿರುತ್ತದೆ. ನಂಗು ಹಾಗಲ್ಲ, ಕಪಾಟಿನಲ್ಲಿ ನೆಟ್ಟಗೆ ನಿಂತಿದ್ದ ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿದಂತೆ. ಅಮೆರಿಕ, ಯುರೋಪಿನ ಕಡಲಂಚಿನ ಫ್ಲೌಂಡರ್ ಮೀನುಗಳೂ ನಂಗಿನ ಬಂಧುಗಳೇ. ಹೀಗೆ ಮಗ್ಗುಲಾಗಿ ಬದುಕುವ ಮೀನುಗಳಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು ಈ ಮೀನಿನ ಬಾಲ್ಯ. ಮೊಟ್ಟೆಯಿಂದ ಹೊರಬರುವ ಮರಿ ಎಲ್ಲ ಮೀನುಮರಿಗಳ ಹಾಗೆಯೇ ಇರುತ್ತದೆ. ಆ ಕಡೆ ಒಂದು ಕಣ್ಣು, ಈ ಕಡೆ ಒಂದು ಕಣ್ಣು, ನೆಟ್ಟಗೆ ಈಜು. ಇನ್ನೂ ಕೆಲವೇ ಮಿಲಿಮೀಟರ್ ಉದ್ದ ಇರುವಾಗಲೇ ಒಂದು ಕಣ್ಣು ಹೊರಡುತ್ತದೆ! ನಂಗಿನಲ್ಲಿ ಬಲಗಣ್ಣು ತಲೆಯ ನೆತ್ತಿ ದಾಟಿ ಎಡಗಡೆಗೆ ಬರುತ್ತದೆ. ಕಣ್ಣಿನ ಜೊತೆಗೆ ತಲೆಬುರುಡೆಯ ಎಲುಬುಗಳೂ ತಿರುಚಿಕೊಳ್ಳುತ್ತವೆ. ಮರಿ ನಿಧಾನವಾಗಿ ವಾಲುತ್ತ ತಳಕ್ಕಿಳಿದು ಮಲಗಿಬಿಡುತ್ತದೆ. ಇದನ್ನೆಲ್ಲ ನಡೆಸುವುದು ಥೈರಾಯ್ಡ್ ಹಾರ್ಮೋನು. ಗೊದಮೊಟ್ಟೆಯನ್ನು ಕಪ್ಪೆಯಾಗಿಸುವುದೂ ಇದೇ. ನಿಮ್ಮ ಕತ್ತಿನ ಗ್ರಂಥಿಯಲ್ಲೂ ಇದು ತಯಾರಾಗುತ್ತಿದೆ.

ಈ ಕಣ್ಣು ದೊಡ್ಡವರ ನಡುವೆ ಒಂದು ವಾದವನ್ನೇ ಎಬ್ಬಿಸಿತ್ತು. ಜೀವಿಗಳು ಸ್ವಲ್ಪಸ್ವಲ್ಪವಾಗಿ ಬದಲಾಗುತ್ತ ಬಂದಿವೆ ಎಂದು ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಒಂದು ಪುಸ್ತಕದಲ್ಲಿ ಹೇಳಿದ್ದರು. 1871ರಲ್ಲಿ ಸೇಂಟ್ ಜಾರ್ಜ್ ಮೈವರ್ಟ್ ಎಂಬ ವಿಜ್ಞಾನಿ ಕೇಳಿದರು: ಹಾಗಾದರೆ ಕಣ್ಣು ಅರ್ಧ ದಾರಿಯಲ್ಲಿ ನಿಂತ ಮೀನಿಗೆ ಅದರಿಂದ ಏನು ಪ್ರಯೋಜನ? ಒಳ್ಳೆಯ ಪ್ರಶ್ನೆಯೇ. ಡಾರ್ವಿನ್ ಮರುವರ್ಷ ತಮ್ಮ ಆ ಪುಸ್ತಕದ ಆರನೇ ಆವೃತ್ತಿಯಲ್ಲಿ ಉತ್ತರ ಬರೆದರು. ಆದರೆ ಅರ್ಧ ದಾರಿಯ ಮೀನು ಕಣ್ಣಿಗೆ ಬೀಳಲು 2008ರವರೆಗೆ ಕಾಯಬೇಕಾಯಿತು. ಉತ್ತರ ಇಟಲಿಯಲ್ಲಿ ಸಿಕ್ಕಿ, ಮ್ಯೂಸಿಯಂಗಳಲ್ಲಿ ಇದ್ದ ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಮ್ಯಾಟ್ ಫ್ರೀಡ್‌ಮನ್ ಎಂಬ ವಿಜ್ಞಾನಿ ಪರೀಕ್ಷಿಸಿದರು. ಬೆಳೆದ ಮೀನಿನಲ್ಲೂ ಒಂದು ಕಣ್ಣು ಮೇಲಕ್ಕೆ ಸರಿದಿತ್ತು, ಆದರೆ ಇನ್ನೊಂದು ಬದಿಗೆ ದಾಟಿರಲಿಲ್ಲ. ಇಂದಿಗೂ ನಮ್ಮ ಸಮುದ್ರದಲ್ಲಿರುವ ಇಂಡಿಯನ್ ಹ್ಯಾಲಿಬಟ್ ಎಂಬ ಚಪ್ಪಟೆ ಮೀನಿನಲ್ಲಿ ಸರಿಯುವ ಕಣ್ಣು ತಲೆಯ ಅಂಚಿನ ಹತ್ತಿರವೇ ನಿಲ್ಲುತ್ತದೆ. ಈ ಜಾತಿಯಲ್ಲಿ ಕೆಲವು ಮೀನುಗಳಿಗೆ ಕಣ್ಣು ಎಡಕ್ಕೆ, ಕೆಲವಕ್ಕೆ ಬಲಕ್ಕೆ.

ತಳದಲ್ಲಿ ಮಲಗಿದರೆ ಲಾಭ ಏನು? ಅಡಗಿಕೊಳ್ಳುವುದು ಸುಲಭ. ರೆಕ್ಕೆಯಂಚನ್ನು ಪಟಪಟ ಅಲುಗಿಸಿದರೆ ಮರಳು, ಕೆಸರು ಎದ್ದು ಮೈಮೇಲೆ ಕೂರುತ್ತದೆ, ಕಣ್ಣಷ್ಟೇ ಹೊರಗೆ. ಕೆಲವು ಫ್ಲೌಂಡರ್‌ಗಳು ಬಣ್ಣವನ್ನೂ ಬದಲಾಯಿಸಬಲ್ಲವು. 1911ರಲ್ಲಿ ಫ್ರಾನ್ಸಿಸ್ ಸಮ್ನರ್ ಎಂಬ ವಿಜ್ಞಾನಿ ಚಪ್ಪಟೆ ಮೀನುಗಳನ್ನು ಚದುರಂಗದ ಹಾಸಿನಂಥ ಚೌಕಳಿಗಳ ಮೇಲೆ ಇಟ್ಟು ನೋಡಿದ್ದರು. ಚೆನ್ನೈನಲ್ಲಿ ವೈದ್ಯಕೀಯ ಓದಿದ ವಿ. ಎಸ್. ರಾಮಚಂದ್ರನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಚ್ಚಗಿನ ಕಡಲಿನ ಫ್ಲೌಂಡರ್‌ಗಳು 2ರಿಂದ 8 ಸೆಕೆಂಡುಗಳೊಳಗೆ ಮೈಯ ಚುಕ್ಕೆಗಳನ್ನು ತಳದ ಹಾಸಿನ ಜೊತೆ ಹೊಂದುವಂತೆ ಗಾಢವಾಗಿಸಿಕೊಂಡವು, ತಿಳಿಯಾಗಿಸಿಕೊಂಡವು. ಮೀನು ಕಣ್ಣಿನಿಂದ ನೋಡಿ, ಚರ್ಮದಲ್ಲಿ ಚಿತ್ರ ಬರೆದುಕೊಳ್ಳುತ್ತದೆ.

ಹೀಗೆ ಅಡಗಿದ ಮೀನನ್ನು ಹಿಡಿಯುವುದು ಹೇಗೆ? ಅದರ ನಡವಳಿಕೆ ಗೊತ್ತಿರಬೇಕು. ಅಮೆರಿಕದ ದಕ್ಷಿಣ ಕರಾವಳಿಯಲ್ಲಿ ಜನ ರಾತ್ರಿ ದೀಪ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಾರೆ, ಮರಳಿನಲ್ಲಿ ಮೂಡಿದ ಮೀನಿನ ಆಕಾರವನ್ನು ಗುರುತಿಸಿ ಈಟಿಯಿಂದ ಚುಚ್ಚುತ್ತಾರೆ. ಅಲ್ಲಿನ ಫ್ಲೌಂಡರ್ ದೊಡ್ಡ ಬಾಯಿಯದು, ಹೊಂಚುಹಾಕಿ ಸಣ್ಣ ಮೀನು ಹಿಡಿಯುವಂಥದು. ಆದ್ದರಿಂದ ತಳಕ್ಕೆ ತಾಗುವಂತೆ ಎಳೆದ ಗಾಳಕ್ಕೂ ಬೀಳುತ್ತದೆ. ನಮ್ಮ ನಂಗಿನ ಬಾಯಿ ಚಿಕ್ಕದು, ತಿನ್ನುವುದು ಕೆಸರಿನ ಹುಳು, ಪುಟ್ಟ ಸಿಗಡಿಯಂಥವನ್ನು. ಅದಕ್ಕೆ ಬಲೆಯೇ ಸರಿ.

ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆಯ ನೀರು ದಡದತ್ತ ಮೇಲೇರುತ್ತದೆ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ತಳದ ಮೀನುಗಳು ಅದರಿಂದ ತಪ್ಪಿಸಿಕೊಳ್ಳಲು ತೀರದ ಕಡೆ ಸರಿಯುತ್ತವೆ. ಇದೇ ಕಾಲದಲ್ಲಿ, ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗಸ್ಟ್‌ನಲ್ಲಿ ಟ್ರಾಲ್ ಬೋಟುಗಳು ಇಳಿದಾಗ ನಂಗು ರಾಶಿರಾಶಿಯಾಗಿ ಬರುತ್ತದೆ. ಬಲೆಯ ಕೆಳಹಗ್ಗಕ್ಕೆ ಭಾರ ಕಟ್ಟಿರುತ್ತಾರೆ. ಅದು ಕೆಸರನ್ನು ಕೆರೆಯುತ್ತ ಬಂದಾಗ ಮೀನು ಬೆದರಿ ಮೇಲೇಳುತ್ತದೆ, ಬಲೆಯೊಳಗೆ ಬೀಳುತ್ತದೆ. ಬಲೆಯ ಕಣ್ಣು ತೀರಾ ಸಣ್ಣದಾದರೆ ಬೆರಳುದ್ದದ ಮರಿಗಳೂ ಬಲೆಯಲ್ಲೇ ಉಳಿದುಬಿಡುತ್ತವೆ. ಅಂಥ ಮರಿಗಳು ಮೀನುಹಿಟ್ಟಿನ ಕಾರ್ಖಾನೆ ಸೇರುವುದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದಡದಿಂದಲೇ ಎಳೆಯುವ ಕೈರಂಪಣಿಯನ್ನು ನೀವೂ ಹತ್ತಿರದಿಂದ ನೋಡಬಹುದು. ಹಗ್ಗದ ಒಂದು ತುದಿ ದಡದಲ್ಲಿ ಉಳಿಯುತ್ತದೆ. ದೋಣಿ ಬಲೆಯನ್ನು ಅರ್ಧಚಂದ್ರಾಕಾರದಲ್ಲಿ ಬಿಡುತ್ತ ಹೋಗಿ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತದೆ. ಎರಡೂ ಕಡೆ ಜನ ನಿಂತು ಎಳೆಯುತ್ತಾರೆ. ಬಲೆ ಮರಳಿಗೆ ಬಂದಾಗ ಬೇರೆ ಮೀನುಗಳು ಚಟಪಟ ಹಾರುತ್ತಿರುವಾಗ ಅಡಿಯಲ್ಲಿ ಅಂಟಿಕೊಂಡಂತೆ ಮಲಗಿರುವ ನಂಗನ್ನು ಹುಡುಕಿ. ಕೈ ಹಾಕುವ ಮೊದಲು ಮಾತ್ರ ಮೀನುಗಾರರನ್ನು ಕೇಳಿ. ಅಲ್ಲೇ ಪಕ್ಕದಲ್ಲಿ ತೊರಕೆಯೂ ಇರಬಹುದು, ಅದರ ಬಾಲದ ಮುಳ್ಳು ವಿಷದ್ದು.