ಮತದ ಹಕ್ಕು ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯ

(ಚಳ್ಳಕೆರೆ ಮತ್ತು ಮೊಳಕಾಲ್ಮೂರುಗಳಲ್ಲಿ ಮಾಡಿದ ಭಾಷಣದ ಪಠ್ಯ)



ಮೊಳಕಾಲ್ಮೂರಿನ ರೇಷ್ಮೆ ಮಗ್ಗದವರಿಗೂ ಚಳ್ಳಕೆರೆಯ ಕಂಬಳಿ ನೇಯುವವರಿಗೂ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಪರಿಚಿತವಿದ್ದರೆ ಅದು ಕರಕುಶಲದ ಕಾರಣದಿಂದ. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದವರು ಅವರು. ಆದರೆ ನಾವಿಂದು ಹೇಳಹೊರಟಿರುವುದು ಅದಕ್ಕೂ ಕಾಲು ಶತಮಾನ ಹಿಂದಿನ ಕಥೆಯನ್ನು.

ಕಮಲಾದೇವಿ 1903ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮಲಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಸಿಕ್ಕಿದ್ದು ತಿಂಗಳ ಜೀವನಾಂಶ ಮಾತ್ರ. ಆ ಸ್ವಾಭಿಮಾನಿ ಅದನ್ನೂ ನಿರಾಕರಿಸಿದರು. 14ನೇ ವಯಸ್ಸಿಗೆ ವಿವಾಹವಾದ ಕಮಲಾದೇವಿ ಎರಡೇ ವರ್ಷದಲ್ಲಿ ವಿಧವೆಯಾದರು. ಓದು ಬಿಡಲಿಲ್ಲ, ಮರುವಿವಾಹವೂ ಆಯಿತು.

ಈ ನಡುವೆ, 1917ರ ಡಿಸೆಂಬರ್‌ನಲ್ಲಿ, ಸರೋಜಿನಿ ನಾಯ್ಡು ನೇತೃತ್ವದ ಮಹಿಳಾ ನಿಯೋಗವೊಂದು ಮದ್ರಾಸಿನಲ್ಲಿ ಮಾಂಟೆಗು ಅವರನ್ನು ಭೇಟಿಯಾಗಿ ಮತದ ಹಕ್ಕು ಕೇಳಿತು. ಅದರಲ್ಲಿ ಬೇಗಂ ಹಸ್ರತ್ ಮೊಹಾನಿಯೂ ಇದ್ದರು. ನಮ್ಮ ಪಠ್ಯಪುಸ್ತಕಗಳೂ ನಮ್ಮ ವೇದಿಕೆಗಳೂ ಸಮಾನವಾಗಿ ಮರೆತ ಹೆಸರಿದು. ಬಳಿಕ ಬಂದ ಸಮಿತಿಯು ಇಲ್ಲಿಯ ಸಾಮಾಜಿಕ ಪದ್ಧತಿಗಳ ನೆಪವೊಡ್ಡಿ ಬೇಡಿಕೆಯನ್ನು ತಳ್ಳಿಹಾಕಿತು. ಕೊನೆಗೆ ನಿರ್ಧಾರವನ್ನು ಪ್ರಾಂತಗಳಿಗೇ ಬಿಡಲಾಯಿತು. ಮದ್ರಾಸ್ ಪ್ರಾಂತ 1921ರಲ್ಲಿ ಒಪ್ಪಿತು, ಮೈಸೂರು ಸಂಸ್ಥಾನ 1923ರಲ್ಲಿ. ಅಂದರೆ ಅಂದು ಮದ್ರಾಸಿಗೆ ಸೇರಿದ್ದ ಪಕ್ಕದ ರಾಯದುರ್ಗಕ್ಕೆ ಮೊದಲು, ಗಡಿಯ ಈಚೆಗಿದ್ದ ನಿಮ್ಮ ಮೊಳಕಾಲ್ಮೂರಿಗೆ ಅನಂತರ!

ಆದರೆ ಮತ ನೀಡುವುದು ಬೇರೆ, ಅಭ್ಯರ್ಥಿಯಾಗುವುದು ಬೇರೆ. ಆ ಬಾಗಿಲು ತೆರೆದದ್ದು 1926ರಲ್ಲಿ. ಐರ್ಲೆಂಡ್‌ನಲ್ಲಿ ಇದೇ ಹಕ್ಕಿಗಾಗಿ ಸೆರೆವಾಸ ಅನುಭವಿಸಿದ್ದ, ಮಂಗಳೂರಿನಲ್ಲಿ ಶಿಕ್ಷಕಿಯೂ ಆಗಿದ್ದ ಮಾರ್ಗರೆಟ್ ಕಸಿನ್ಸ್ ಕಮಲಾದೇವಿಯನ್ನು ಹುರಿದುಂಬಿಸಿದರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನಗಳು. 23ರ ಹರೆಯದ ಅವರು ಮಂಗಳೂರಿನಿಂದ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅತ್ಯಲ್ಪ ಮತಗಳಿಂದ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಹೊಣೆ ಹೊತ್ತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. ನಮ್ಮ ದೃಷ್ಟಿಯಲ್ಲಿ ಎಷ್ಟೋ ಗೆಲುವುಗಳಿಗಿಂತ ಆ ಸೋಲು ದೊಡ್ಡದು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅಂದಿನ ಮತದ ಹಕ್ಕು ಆಸ್ತಿ ಮತ್ತು ತೆರಿಗೆಗೆ ಕಟ್ಟುಬಿದ್ದಿತ್ತು. ಆಸ್ತಿಯಿಲ್ಲದ ಗಿರಿಜಾಬಾಯಿಯಂಥವರಿಗೆ ಕಾನೂನು ಬಂದರೂ ಮತವಿರಲಿಲ್ಲ. ಹೆಣ್ಣಿಗೆ ಪಿತ್ರಾರ್ಜಿತದಲ್ಲಿ ಪಾಲಿದೆಯೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಕುರ್‌ಆನ್ ಅದನ್ನು ಸ್ಪಷ್ಟಪಡಿಸಿದೆ. ಆದರೆ ಆ ಪಾಲು ಎಷ್ಟು ಮನೆಗಳಲ್ಲಿ ಪಹಣಿಯ ಮೇಲೆ ಬಂದಿದೆ? ಮದುವೆಯ ಖರ್ಚನ್ನೇ ಪಾಲೆಂದು ಲೆಕ್ಕ ಹಾಕಿ ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅಣ್ಣಂದಿರು ನಮ್ಮಲ್ಲಿಲ್ಲವೇ?

ಸ್ವಾತಂತ್ರ್ಯಾನಂತರ ಆಸ್ತಿಯ ಷರತ್ತು ಹೋಯಿತು. ಆದರೂ 1951-52ರ ಮೊದಲ ಮಹಾಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಮಹಿಳೆಯರು ಹೊರಬಿದ್ದರು. ಕಾರಣ, ಅವರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಹಾಗೆ ಬರೆಸಿದವರು ಬಹುತೇಕ ಗಂಡಸರೇ ಇರಬೇಕು.

ಇಂದು ಹೆಸರಿದೆ, ಆದರೆ ಎಲ್ಲಿದೆ? ರಾಯದುರ್ಗದಿಂದಲೋ ಹಿರಿಯೂರಿನಿಂದಲೋ ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಮನೆಗೆ ಹೊಸ ಅನಿಲ ಸಂಪರ್ಕ ಪಡೆಯಲು ಓಡಾಡುವ ನಾವು ಇದಕ್ಕಾಗಿ ಓಡಾಡುವುದಿಲ್ಲ. ವಿಳಾಸ ಬದಲಿಗೆ ನಮೂನೆ 8, ಹೊಸ ಸೇರ್ಪಡೆಗೆ ನಮೂನೆ 6. ಎರಡೂ ಮತಗಟ್ಟೆ ಮಟ್ಟದ ಅಧಿಕಾರಿಯ ಬಳಿ ದೊರೆಯುತ್ತವೆ. ಇಂದು ಪಟ್ಟಿಯ ಪ್ರತಿಯನ್ನು ತಂದು ಮೇಜಿನ ಮೇಲಿಟ್ಟಿದ್ದೇವೆ. ಗಂಡಸರು ಸ್ವಲ್ಪ ಹಿಂದೆ ಸರಿದು ದಾರಿ ಬಿಡಲಿ. ಸಹೋದರಿಯರು ಬಂದು ತಮ್ಮ ಹೆಸರನ್ನು ತಾವೇ ಹುಡುಕಿ ನೋಡಲಿ.