ಅಳು ನಿಲ್ಲಿಸಿದ ಮಗು
(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಸಭೆಯಲ್ಲಿ ಧರ್ಮಗುರುಗಳು ಮಾಡಿದ ಭಾಷಣ)



ಮಕ್ಕಳ ಮನೋವಿಕಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ನನ್ನನ್ನು ಕೇಳಿಕೊಂಡಿದ್ದಾರೆ. ನಾನು ವೈದ್ಯನಲ್ಲ, ಗುರುಮಠದಲ್ಲಿ ಮನಶ್ಶಾಸ್ತ್ರವನ್ನು ಅಲ್ಪಸ್ವಲ್ಪ ಓದಿದವನು. ಆದರೂ ಒಪ್ಪಿಕೊಂಡೆ. ಈ ವಿಷಯದಲ್ಲಿ ನನ್ನಿಂದಾದ ಒಂದು ತಪ್ಪನ್ನು ನಿಮ್ಮ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ವಿದ್ಯಾರ್ಥಿನಿಲಯದ ಹೊಣೆ ನನ್ನ ಮೇಲಿತ್ತು. ಐದು ವರ್ಷದ ಬಾಲಕನೊಬ್ಬನನ್ನು ಅವನ ತಾಯಿ ತಂದು ಸೇರಿಸಿದರು. ಮೊದಲ ವಾರವೆಲ್ಲ ಅವನು ಗೇಟಿನ ಬಳಿ ಅಳುತ್ತ ನಿಂತಿರುತ್ತಿದ್ದನು. ನೋಡಲು ಬಂದ ತಾಯಿಗೆ ನಾನು, “ಒಂದು ತಿಂಗಳು ಬರಬೇಡಿ ಅಮ್ಮಾ, ನಿಮ್ಮನ್ನು ಕಂಡರೆ ಮತ್ತೆ ಅಳುತ್ತಾನೆ” ಎಂದೆ. “ಆಗಲಿ ಸ್ವಾಮಿ” ಎಂದು ಆಕೆ ಹಿಂತಿರುಗಿದರು. ಮೂರನೆಯ ವಾರದಲ್ಲಿ ಅಳು ನಿಂತಿತು. ಬಡಿಸಿದ್ದನ್ನು ಉಣ್ಣುವನು, ಹೇಳಿದಲ್ಲಿ ಕುಳಿತಿರುವನು. ‘ಹೊಂದಿಕೊಂಡನು’ ಎಂದು ನಾನು ಸಂತೋಷಪಟ್ಟೆ. ತಿಂಗಳ ಬಳಿಕ ತಾಯಿ ಬಂದಾಗ ಅವನು ಆಕೆಯನ್ನು ಅಪರಿಚಿತರಂತೆ ನೋಡಿ, ಕೋಡುಬಳೆಯ ಪೊಟ್ಟಣವನ್ನಷ್ಟೇ ತೆಗೆದುಕೊಂಡು ಹೊರಟುಹೋದನು. ಆ ತಾಯಿಯ ಮುಖವನ್ನು ನಾನಿನ್ನೂ ಮರೆತಿಲ್ಲ.

ಅಂದು ನನಗೆ ಅರ್ಥವಾಗದಿದ್ದುದನ್ನು ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು ಬಹು ಹಿಂದೆಯೇ ಕಂಡಿದ್ದರು. ಆಗ ಅಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ಹೆತ್ತವರಿಗೆ ತೀರ ಅಲ್ಪ ಅವಕಾಶವಿತ್ತು. ವೈದ್ಯ ಜಾನ್ ಬೌಲ್ಬಿಯವರ ಸಹೋದ್ಯೋಗಿಯಾಗಿ ರಾಬರ್ಟ್‌ಸನ್ನರು ವಾರ್ಡುಗಳಲ್ಲಿ ಕುಳಿತು ಎಳೆಯ ಮಕ್ಕಳನ್ನು ಗಮನಿಸಿ, ಅಗಲಿಕೆಯ ದುಃಖದಲ್ಲಿ ಮೂರು ಹಂತಗಳನ್ನು ಗುರುತಿಸಿದರು. ಮೊದಲನೆಯದು ಪ್ರತಿಭಟನೆ: ಮಗು ಅತ್ತು ಕರೆಯುತ್ತದೆ. ಎರಡನೆಯದು ಹತಾಶೆ: ಅಳು ತಗ್ಗಿ ಮಗು ಮಂಕಾಗುತ್ತದೆ. ಮೂರನೆಯದು ವಿಮುಖತೆ: ಎಲ್ಲರೊಡನೆ ನಗುತ್ತದೆ, ತಾಯಿ ಬಂದರೆ ಮಾತ್ರ ಮುಖ ತಿರುಗಿಸುತ್ತದೆ. ದಾದಿಯರು ಇದನ್ನೇ ‘ಹೊಂದಿಕೊಂಡಿದೆ’ ಎಂದು ತಿಳಿದಿದ್ದರು. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದ ಬಾಲಕಿಯೊಬ್ಬಳನ್ನು ಕುರಿತು ಅವರು 1952ರಲ್ಲಿ ಚಲನಚಿತ್ರವೊಂದನ್ನು ತೋರಿಸಿದಾಗ ಅನೇಕ ವೈದ್ಯರು ಕೋಪಗೊಂಡರು. ಆದರೆ 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೇ, ಹೆತ್ತವರಿಗೆ ಮಕ್ಕಳನ್ನು ಕಾಣಲು ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು.

ಬೌಲ್ಬಿಯವರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸಲ್ಲಿಸಿದ ವರದಿಯಲ್ಲಿ, ತಾಯಿಯೊಡನೆ ಇಲ್ಲವೆ ತಾಯಿಯ ಸ್ಥಾನದಲ್ಲಿರುವವರೊಡನೆ ಅವಿಚ್ಛಿನ್ನವಾದ ಆತ್ಮೀಯ ಸಂಬಂಧವು ಶಿಶುವಿನ ಮಾನಸಿಕ ಆರೋಗ್ಯಕ್ಕೆ ಅವಶ್ಯಕವೆಂದು ಪ್ರತಿಪಾದಿಸಿದರು. ಎರಿಕ್ ಎರಿಕ್ಸನ್ ಅವರು ಮಾನವಜೀವನವನ್ನು ಎಂಟು ಘಟ್ಟಗಳಾಗಿ ವಿಂಗಡಿಸಿ, ಮೊದಲ ಘಟ್ಟದಲ್ಲಿ ಮಗು ಕಲಿಯಬೇಕಾದುದು ನಂಬಿಕೆಯನ್ನು ಎಂದರು. ಅತ್ತಾಗ ಯಾರಾದರೂ ಬರುತ್ತಾರೆ ಎಂಬ ಅನುಭವದಿಂದಲೇ ಆ ನಂಬಿಕೆ ಬೇರೂರುತ್ತದೆ.

ಇದನ್ನು ಕೇಳಿ ದುಡಿಯಲು ಹೋಗುವ ತಾಯಂದಿರು ನೊಂದುಕೊಳ್ಳಬಾರದು. ತಂದೆ, ಅಜ್ಜಿ, ಚಿಕ್ಕಮ್ಮ, ಯಾರೇ ಆಗಲಿ, ನಿತ್ಯವೂ ಅಕ್ಕರೆಯಿಂದ ನೋಡಿಕೊಂಡರೆ ಮಗುವಿನ ಮನಸ್ಸು ಅವರನ್ನೂ ಆಶ್ರಯಿಸುತ್ತದೆ. ಬಾಲ್ಯದ ಗಾಯವು ಬದುಕಿಡೀ ಮಾಯುವುದೇ ಇಲ್ಲವೆಂಬ ಮಾತೂ ಸರಿಯಲ್ಲ. ಮುಂದೆ ದೊರೆಯುವ ಸ್ಥಿರವಾದ ಪ್ರೀತಿಯು ಬಹುಮಟ್ಟಿಗೆ ಅದನ್ನು ಗುಣಪಡಿಸಬಲ್ಲದು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮಗುವನ್ನು ಬಿಟ್ಟು ಹೊರಡುವಾಗ ಕಣ್ಣು ತಪ್ಪಿಸಿ ಹೋಗಬೇಡಿ. ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. “ಗಂಡುಹುಡುಗ ಅಳಬಾರದು” ಎನ್ನಬೇಡಿ. ಆಟ, ಊಟ, ನಿದ್ರೆಗಳಲ್ಲಿ ಆಸಕ್ತಿ ಕಳೆದುಕೊಂಡು ವಾರಗಟ್ಟಲೆ ಮೌನವಾಗಿರುವ ಮಗುವನ್ನು ‘ಬಹಳ ಒಳ್ಳೆಯವನು’ ಎಂದು ಹೊಗಳದೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಇದರಲ್ಲಿ ಅವಮಾನವೇನೂ ಇಲ್ಲ.

ಆ ಬಾಲಕನ ವಿಷಯ ಹೇಳಿ ಮುಗಿಸುತ್ತೇನೆ. ಮುಂದಿನ ತಿಂಗಳಿನಿಂದ ಪ್ರತಿ ಭಾನುವಾರವೂ ಬರಬೇಕೆಂದು ನಾನೇ ಆ ತಾಯಿಯನ್ನು ಬೇಡಿಕೊಂಡೆ. ಮೂರು ಭಾನುವಾರ ಅವನು ಆಕೆಯ ಬಳಿ ಸುಳಿಯಲಿಲ್ಲ. ನಾಲ್ಕನೆಯ ಭಾನುವಾರ ಆಕೆ ಹೊರಟು ನಿಂತಾಗ ಸೆರಗು ಹಿಡಿದು ಗಟ್ಟಿಯಾಗಿ ಅತ್ತನು. ಆ ಅಳುವನ್ನು ಕೇಳಿ ಅಂದು ದೇವರಿಗೆ ವಂದನೆ ಸಲ್ಲಿಸಿದೆ.