ಸರದಿ ಪಟ್ಟಿ ತೋರಿಸಿ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ತರುಣ ಬರಹಗಾರರ ಮುಂದೆ ಮಾಡಿದ ಭಾಷಣ)



ಕಬ್ಬು ಬೆಳೆಯುವ ಸೀಮೆಯವರಿಗೆ ಸರದಿಯೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮೊದಲು ನೆಟ್ಟವನ ಕಬ್ಬು ಒಣಗುತ್ತ ನಿಂತಿರುವಾಗ, ಆಮೇಲೆ ನೆಟ್ಟ ದೊಡ್ಡವರ ಕಬ್ಬು ಲಾರಿ ಏರಿದರೆ ರೈತ ಸುಮ್ಮನಿರುವುದಿಲ್ಲ. “ಸರದಿ ಪಟ್ಟಿ ತೋರಿಸಿ” ಎನ್ನುತ್ತಾನೆ. ಬರಹಗಾರರೂ ಅದನ್ನೇ ಕೇಳಬೇಕೆಂಬುದು ನಮ್ಮ ವಾದ.

ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಹೊರಬಂದಿತು. ಆ ಕಾಲದಲ್ಲಿ ಪ್ರಕಾಶಕರೋ ಸಂಪಾದಕರೋ ಬಾಗಿಲು ಕಾಯುತ್ತಿದ್ದರು. ಪಕ್ಷಪಾತ ಆಗಲೂ ಇತ್ತು. ಆದರೆ ಅವರ ಹೆಸರು, ವಿಳಾಸ ತಿಳಿದಿರುತ್ತಿತ್ತು. ಎದುರು ನಿಂತು ಜಗಳವಾಡಬಹುದಾಗಿತ್ತು. ಇಂದು ಬಾಗಿಲು ತೆರೆದಿದೆ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯಂಥ ತಾಣಗಳಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಕನ್ನಡದಲ್ಲಿ ಕಥೆ ಪ್ರಕಟಿಸಬಹುದು. ಇದು ಸಣ್ಣ ಲಾಭವಲ್ಲ. ನಾವು ಒಂದು ತಾಣವನ್ನು ದೂರುತ್ತಿಲ್ಲ. ಒಟ್ಟು ವ್ಯವಸ್ಥೆಯನ್ನು ಪ್ರಶ್ನಿಸುತ್ತಿದ್ದೇವೆ. ಒಳಗೆ ಹೋದ ಮೇಲೆ ಮುಂದಿನ ಸಾಲಿನಲ್ಲಿ ಕೂರಿಸುವವರು ಯಾರು?

ನಾಗಮಂಗಲದ ಹೆಣ್ಣುಮಗಳೊಬ್ಬಳು ಮನೆಕೆಲಸ ಮುಗಿಸಿ, ರಾತ್ರಿ ಫೋನಿನಲ್ಲಿ ಕಥೆ ಬರೆದಳೆನ್ನಿ. ಅದು ಮೊದಲ ಪುಟಕ್ಕೆ ಬರಲಿಲ್ಲ. ಏಕೆಂದು ಕೇಳಿದರೆ “ಓದುಗರೇ ಆರಿಸುತ್ತಾರೆ” ಎನ್ನುತ್ತಾರೆ. ಕಣ್ಣಿಗೇ ಬೀಳದ್ದನ್ನು ಓದುಗ ಆರಿಸುವುದು ಹೇಗೆ? ಮುಂದಿಟ್ಟದ್ದನ್ನು ಜನ ಓದುತ್ತಾರೆ. ಜನ ಓದಿದರೆಂದು ಅದನ್ನೇ ಮತ್ತೆ ಮುಂದಿಡುತ್ತಾರೆ. ಉಳ್ಳವನಿಗೇ ಸಾಲ ಸಿಗುವ ನ್ಯಾಯವಿದು. ಇನ್ನು “ಯಂತ್ರ ಆರಿಸುತ್ತದೆ” ಎಂಬ ಉತ್ತರ. ಯಂತ್ರಕ್ಕೆ ಲೆಕ್ಕ ಕಲಿಸಿದವನು ಮನುಷ್ಯನೇ ಅಲ್ಲವೇ?

ಎಲ್ಲ ಕಥೆಗೂ ಸಮಸ್ಥಾನ ಕೊಡಿ ಎಂದು ನಾವು ಕೇಳುತ್ತಿಲ್ಲ. ಜೊಳ್ಳು ಜೊಳ್ಳೇ. ತೂಗುವ ತಕ್ಕಡಿ ಕಾಣಲಿ ಎನ್ನುತ್ತೇವೆ. ಯೂರೋಪಿನ ಒಕ್ಕೂಟ 2019ರಲ್ಲಿ ಮಾಡಿದ ನಿಯಮದ ಪ್ರಕಾರ, ಮಾರಾಟದ ತಾಣಗಳು ಯಾರನ್ನು ಮೇಲೆ, ಯಾರನ್ನು ಕೆಳಗೆ ಇಡುತ್ತೇವೆಂಬುದರ ಮುಖ್ಯ ಆಧಾರಗಳನ್ನು ತಿಳಿಸಬೇಕು. ನಮ್ಮ ದೇಶದ 2020ರ ಇ-ವಾಣಿಜ್ಯ ನಿಯಮಗಳೂ ಸರಕು ಮತ್ತು ಮಾರಾಟಗಾರರ ವಿಷಯದಲ್ಲಿ ಇದನ್ನೇ ಹೇಳುತ್ತವೆ. ಸೋಪಿಗೂ ಸೀರೆಗೂ ಸಲ್ಲುವ ನ್ಯಾಯ ಕಥೆಗೆ ಬೇಡವೇ? ಆಯ್ಕೆಯ ಆಧಾರ ಪ್ರಕಟವಾಗಲಿ. ಹಣ ಕೊಟ್ಟು ಮುಂದೆ ಬಂದದ್ದಕ್ಕೆ ಜಾಹೀರಾತೆಂದು ಗುರುತು ಹಾಕಲಿ. ಹೊಸಬರಿಗೆ ಒಂದಿಷ್ಟು ಜಾಗ ಮೀಸಲಾಗಲಿ.

ನಮ್ಮ ವಾರಪತ್ರಿಕೆಯೂ ಇದಕ್ಕೆ ಹೊರತಲ್ಲ. ಪಕ್ಷದವರ ಪದ್ಯ ಬೇಗ ಅಚ್ಚಾಗಿ, ಅಪರಿಚಿತರದು ಮೇಜಿನ ಮೇಲೆ ಧೂಳು ತಿಂದರೆ ನಮಗೆ ಮಾತಾಡುವ ಹಕ್ಕೆಲ್ಲಿ? ಮೊದಲು ನಮ್ಮನ್ನೇ ಕೇಳಿ. ಕೇಳುವ ಅಭ್ಯಾಸ ಇಲ್ಲಿಂದಲೇ ಆರಂಭವಾಗಲಿ.